ದೂಧಗಂಗೆಯಿಂದ ಅಗ್ರಣಿಯವರೆಗೆ ಐದು ತಾಲ್ಲೂಕುಗಳ ಒಂದು ನಾಡು

‘ರಾಜಾಪುರದಾಗ ಎಷ್ಟ ಬಿಟ್ಟಾರ್ರೀ?’

ಜುಲೈ ತಿಂಗಳಲ್ಲಿ ಚಿಕ್ಕೋಡಿಯಿಂದ ಕುಡಚಿಯವರೆಗೆ ಯಾವ ಚಹಾದಂಗಡಿಯ ಮುಂದೆ ನಿಂತರೂ ಕಿವಿಗೆ ಬೀಳುವ ಮೊದಲ ಪ್ರಶ್ನೆ ಇದು. ರಾಜಾಪುರ ಇರುವುದು ಮಹಾರಾಷ್ಟ್ರದ ಶಿರೋಳ ತಾಲ್ಲೂಕಿನಲ್ಲಿ. ಅಲ್ಲಿಯ ಬ್ಯಾರೇಜಿನಿಂದ ಹೊರಟ ಕೃಷ್ಣೆಗೆ ಕಲ್ಲೋಳದ ಹತ್ತಿರ ದೂಧಗಂಗೆ ಬಂದು ಕೂಡುತ್ತಾಳೆ. ಎರಡೂ ನದಿಗಳ ಕ್ಯುಸೆಕ್ ಲೆಕ್ಕ ಕೂಡಿಸಿದರೆ ಯಾವ ಸೇತುವೆ ಎಷ್ಟೊತ್ತಿಗೆ ಮುಳುಗುತ್ತದೆಂದು ಇಲ್ಲಿಯ ಶಾಲೆಯ ಹುಡುಗರೂ ಹೇಳುತ್ತಾರೆ. ಕಲ್ಲೋಳ–ಯಡೂರು, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಭೋಜವಾಡಿ–ಕುನ್ನೂರು, ಜತ್ರಾಟ–ಭಿವಶಿ, ಅಕ್ಕೋಳ–ಸಿದ್ನಾಳ: ಪ್ರತಿ ಮಳೆಗಾಲ ಪತ್ರಿಕೆಗಳಲ್ಲಿ ಇವೇ ಹೆಸರುಗಳು ಸಾಲಾಗಿ ಬರುತ್ತವೆ. ನೀರು ಇನ್ನೂ ಏರಿದರೆ ಕುಡಚಿ–ಉಗಾರ ಸೇತುವೆಯ ಸರದಿ. 2019ರ ಆಗಸ್ಟ್‌ನಲ್ಲಿ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ವೇದಗಂಗೆ ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ಹರಿದು ಪುಣೆ–ಬೆಂಗಳೂರು ಸಂಪರ್ಕ ಕಡಿದುಹೋಗಿತ್ತು. ಊರಿಗೆ ಊರೇ ದನಕರು ಹೊಡೆದುಕೊಂಡು ಕಾಳಜಿ ಕೇಂದ್ರ ಸೇರಿದ ಆ ದಿನಗಳನ್ನು ತೀರದ ಜನ ಇನ್ನೂ ಮರೆತಿಲ್ಲ.

ರಾಜ್ಯದ ಉಳಿದ ಭಾಗಕ್ಕೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಹೆಸರು ತಲುಪುವುದು ಹೆಚ್ಚಾಗಿ ಎರಡೇ ಕಾರಣಕ್ಕೆ. ಒಂದು ಮಹಾಪೂರ, ಇನ್ನೊಂದು ಗಡಿ ತಂಟೆ. ನೀರು ಇಳಿದ ಮೇಲೆ, ಬಸ್ಸಿಗೆ ಮಸಿ ಬಳಿದವರು ಮನೆಗೆ ಹೋದ ಮೇಲೆ ಈ ನಾಡನ್ನು ಯಾರೂ ನೆನೆಯುವುದಿಲ್ಲ. ಬೆಂಗಳೂರಿನಿಂದ ನೋಡಿದರೆ ಇದು ರಾಜ್ಯದ ಬಾಲ. ಮುಂಬಯಿಯಿಂದ ನೋಡಿದರೆ ‘ಸೀಮಾಭಾಗ’. ಈ ನೆಲದ ಮೇಲೆ ನಿಂತು ನೋಡಿದರೆ ಎರಡೂ ಸುಳ್ಳು. ಎಂಟುನೂರು ವರ್ಷಗಳಿಗೂ ಮೇಲ್ಪಟ್ಟು ಇದು ನಡುನಾಡಾಗಿಯೇ ಬದುಕಿದೆ.

ಮೊದಲು ನೆಲವನ್ನೇ ನೋಡೋಣ. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಸುಮಾರು 40 ಕಿ.ಮೀ.; ಬೆಂಗಳೂರಿಗೆ ಐನೂರಕ್ಕೂ ಹೆಚ್ಚು. ಪಶ್ಚಿಮಕ್ಕೆ ಸಹ್ಯಾದ್ರಿಯ ಗಾಳಿ ತಾಕುವ ಕಡೆ ಮಳೆ ಚೆನ್ನಾಗಿದೆ, ಮಣ್ಣು ಕಪ್ಪಗೆ ಆಳವಾಗಿದೆ, ತಂಬಾಕು, ಸೋಯಾ, ಕಬ್ಬು ಬೆಳೆಯುತ್ತದೆ. ಪೂರ್ವಕ್ಕೆ ಹೋದಂತೆ ಮಳೆ ಕಡಿಮೆಯಾಗುತ್ತ ಹೋಗಿ ಅಥಣಿ ದಾಟಿ ತೆಲಸಂಗ, ಅನಂತಪುರದ ಕಡೆ ಬರುವಷ್ಟರಲ್ಲಿ ನೆಲ ಒಣಗಿ ಬಿಳಿಚಿಕೊಂಡಿರುತ್ತದೆ. ಒಂದೇ ತಾಲ್ಲೂಕಿನ ಒಂದು ಮಗ್ಗುಲಲ್ಲಿ ಹೊಳೆ ಮನೆಯೊಳಗೆ ನುಗ್ಗಿದ ವರ್ಷವೇ ಇನ್ನೊಂದು ಮಗ್ಗುಲಲ್ಲಿ ಟ್ಯಾಂಕರ್ ನೀರಿಗೆ ಕೊಡ ಸಾಲು ಹಚ್ಚುವುದನ್ನು ಅಥಣಿಯವರು ಕಂಡಿದ್ದಾರೆ. ಸಾಂಗ್ಲಿ ಕಡೆಯಿಂದ ಇಳಿದು ಬರುವ ಅಗ್ರಣಿ ಹೊಳೆ ವರ್ಷದ ಬಹುಕಾಲ ಬತ್ತಿಯೇ ಇರುತ್ತದೆ. ಈ ಒಣಭೂಮಿಯ ರೈತರು ಹಟ ಹಿಡಿದು ದ್ರಾಕ್ಷಿ ಹಚ್ಚಿದರು, ಒಣದ್ರಾಕ್ಷಿ ಮಾಡಿ ತಾಸಗಾಂವ, ಸಾಂಗ್ಲಿ ಪೇಟೆಗೆ ಒಯ್ದರು. ಖಿಳೇಗಾಂವ ಬಸವೇಶ್ವರ ಏತ ನೀರಾವರಿ ಯೋಜನೆಯ ನೀರಿಗಾಗಿ ಅವರು ವರ್ಷಗಟ್ಟಲೆ ಕಾದರು.

ಬೇಸಿಗೆಯಲ್ಲಿ ನಾಟಕ ತಿರುಗುತ್ತದೆ. ಮಳೆಗಾಲದಲ್ಲಿ ‘ನೀರು ಬಿಡಬ್ಯಾಡ್ರಿ’ ಎಂದವರೇ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಡಿಸಿಕೊಡಿ ಎಂದು ಮೊರೆ ಇಡುತ್ತಾರೆ. ಕೃಷ್ಣೆಗೆ ಮಹಾರಾಷ್ಟ್ರದವರು ನೀರು ಕೊಡಲಿ, ಬದಲಿಗೆ ತುಬಚಿ–ಬಬಲೇಶ್ವರ ಯೋಜನೆಯಿಂದ ಅವರ ಜತ್ತ ತಾಲ್ಲೂಕಿಗೆ ನಾವು ಕೊಡೋಣ ಎಂಬ ಪ್ರಸ್ತಾವ ಎರಡೂ ರಾಜ್ಯಗಳ ಮುಂದೆ ಬಂದಿದೆ. ನೀರಿನ ವಿಷಯದಲ್ಲಿ ಇಷ್ಟು ವಿವೇಕದ ಮಾತು ಅಪರೂಪ. ಜತ್ತದ ಹಳ್ಳಿಗಳಲ್ಲಿ ಇರುವವರೂ ಬಹಳ ಮಂದಿ ಕನ್ನಡಿಗರೇ.

ಈ ನಾಡಿನ ಇತಿಹಾಸ ಹುಡುಕಲು ಹೊರಟವರು ಕೋಟೆಗಳಿಗಿಂತ ಮೊದಲು ಬಸದಿಗಳ ಬಾಗಿಲು ತಟ್ಟಬೇಕು. ಹನ್ನೆರಡನೇ ಶತಮಾನದಲ್ಲಿ ಕೊಲ್ಹಾಪುರದ ಶಿಲಾಹಾರರು ಒಂದು ಕಡೆ, ಸವದತ್ತಿ–ಬೆಳಗಾವಿಯ ರಟ್ಟರು ಇನ್ನೊಂದು ಕಡೆ. ನಡುವೆ ಈ ನೆಲ. ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾ ಶಾಸನ ಆ ಕಾಲವನ್ನು ಕಣ್ಣಿಗೆ ಕಟ್ಟುತ್ತದೆ. ಶಿಲಾಹಾರ ವಿಜಯಾದಿತ್ಯನ ಸೇನಾಪತಿ ಕಾಲಣ ಇಲ್ಲಿ ನೇಮಿನಾಥ ಬಸದಿ ಕಟ್ಟಿಸಿ ಯಾಪನೀಯ ಸಂಘದ ಮುನಿ ವಿಜಯಕೀರ್ತಿಗೆ ದಾನ ಬಿಟ್ಟ. 1165ರ ಮಾತು. ಆ ಬಸದಿಯನ್ನು ನೋಡಲು ಪಕ್ಕದ ರಾಜ್ಯದ ರಟ್ಟ ಅರಸ ಕಾರ್ತವೀರ್ಯ ಬಂದನೆಂದೂ ಶಾಸನ ಹೇಳುತ್ತದೆ. ಒಬ್ಬ ಅರಸನ ದಂಡನಾಯಕ ಕಟ್ಟಿಸಿದ್ದನ್ನು ನೋಡಲು ಇನ್ನೊಬ್ಬ ಅರಸ ಗಡಿ ದಾಟಿ ಬಂದು ಕೈಮುಗಿದು ಹೋದನಲ್ಲ, ಇಂದಿನ ಎರಡೂ ರಾಜ್ಯಗಳ ಮಂತ್ರಿಗಳು ಓದಬೇಕಾದ ಶಾಸನ ಅದು.

ಯಾಪನೀಯರ ಕಥೆಯನ್ನು ತುಸು ವಿವರವಾಗಿಯೇ ಹೇಳಬೇಕು. ದಿಗಂಬರ ಮುನಿಗಳಂತೆ ಬತ್ತಲೆಯಾಗಿದ್ದು ನವಿಲುಗರಿಯ ಪಿಂಛಿ ಹಿಡಿದವರು ಇವರು. ಆದರೆ ಹೆಣ್ಣು ಹೆಣ್ಣಾಗಿದ್ದೇ ಮೋಕ್ಷ ಪಡೆಯಬಲ್ಲಳು ಎಂದು ನಂಬಿದ್ದರು. ಈ ಮಾತನ್ನು ದಿಗಂಬರರು ಒಪ್ಪುವುದಿಲ್ಲ, ಶ್ವೇತಾಂಬರರು ಒಪ್ಪುತ್ತಾರೆ. ಎರಡೂ ಪಂಥಗಳ ನಡುವೆ ಹಾದಿ ಮಾಡಿಕೊಂಡು ನಡೆದ ಈ ಸಂಘ ಕನ್ನಡ ನಾಡಿನಲ್ಲಿ ನೂರಾರು ವರ್ಷ ಬಾಳಿ ಆಮೇಲೆ ಹೆಸರಿಲ್ಲದಂತೆ ಕರಗಿತು. ಅದರ ಕೊನೆಯ ಕುರುಹುಗಳಲ್ಲಿ ಒಂದು ಕಾಗವಾಡದಲ್ಲಿದೆ. ಅಲ್ಲಿಯ ಬಸದಿಯ ನೆಲಮಾಳಿಗೆಯಲ್ಲಿರುವ 1394ರ ಶಾಸನ ಯಾಪನೀಯ ಸಂಘದ ಪುನ್ನಾಗವೃಕ್ಷಮೂಲಗಣದ ನೇಮಿಚಂದ್ರ, ಧರ್ಮಕೀರ್ತಿ, ನಾಗಚಂದ್ರ ಎಂಬ ಗುರುಗಳನ್ನು ಹೆಸರಿಸುತ್ತದೆ. ನೇಮಿಚಂದ್ರನಿಗೆ ‘ತುಳುವರಾಜ್ಯಸ್ಥಾಪನಾಚಾರ್ಯ’ ಎಂಬ ಬಿರುದೂ ಇದೆ. ಕೃಷ್ಣಾ ತೀರದ ಕಾಗವಾಡದ ಕತ್ತಲ ಕೋಣೆಯೊಂದರಲ್ಲಿ ತುಳುನಾಡಿನ ಹೆಸರು!

ಈ ಮರೆತ ಸಂಘವನ್ನು ಮತ್ತೆ ಲೋಕದ ಗಮನಕ್ಕೆ ತಂದ ವಿದ್ವಾಂಸ ಇದೇ ಮಣ್ಣಿನ ಮಗ ಎಂಬುದು ನನಗೆ ಅತ್ಯಂತ ಸಂತೋಷ ಕೊಡುವ ಸಂಗತಿ. ಆದಿನಾಥ ನೇಮಿನಾಥ ಉಪಾಧ್ಯೆ ಹುಟ್ಟಿದ್ದು 1906ರಲ್ಲಿ, ದೂಧಗಂಗೆಯ ದಂಡೆಯ ಸದಲಗಾದಲ್ಲಿ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಕೃತ ಕಲಿಸುತ್ತ ಒಂದರ ಮೇಲೊಂದು ಪ್ರಾಚೀನ ಗ್ರಂಥ ಸಂಪಾದಿಸಿದರು. ಅವರ ‘ಪ್ರವಚನಸಾರ’ದ ಸಂಪಾದನೆ ಇಂದಿಗೂ ವಿದ್ವಾಂಸರ ಮೇಜಿನ ಮೇಲಿದೆ. ಯಾಪನೀಯರ ಬಗ್ಗೆ 1930ರ ದಶಕದಲ್ಲೇ ಬರೆದು, ಬದುಕಿನ ಕೊನೆಯ ವರ್ಷಗಳಲ್ಲಿ ಮತ್ತೆ ಅದೇ ವಿಷಯಕ್ಕೆ ಮರಳಿದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅವರ ಹೆಸರು ಹೊರದೇಶದ ಪ್ರಾಕೃತ ವಿದ್ವಾಂಸರಿಗೆ ಗೊತ್ತಿರುವಷ್ಟು ನಮ್ಮ ಕಾಲೇಜು ಹುಡುಗರಿಗೆ ಗೊತ್ತಿಲ್ಲ.

ಉಪಾಧ್ಯೆ ಒಬ್ಬರೇ ಅಲ್ಲ. ಇಪ್ಪತ್ತನೇ ಶತಮಾನದ ದಿಗಂಬರ ಜೈನ ಮುನಿ ಪರಂಪರೆಯನ್ನು ಬರೆಯಲು ಕೂತರೆ ಅರ್ಧ ಅಧ್ಯಾಯ ಈ ಹಳ್ಳಿಗಳಲ್ಲೇ ಮುಗಿಯುತ್ತದೆ. ನಿಂತುಹೋಗುವಂತಿದ್ದ ಮುನಿಚರ್ಯೆಗೆ ಮರುಜೀವ ಕೊಟ್ಟು ಉತ್ತರ ಭಾರತದವರೆಗೆ ಕಾಲ್ನಡಿಗೆಯಲ್ಲಿ ವಿಹರಿಸಿ 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಹೊಂದಿದ ಆಚಾರ್ಯ ಶಾಂತಿಸಾಗರರು ಭೋಜದವರು. ಆಚಾರ್ಯ ದೇಶಭೂಷಣರು ಕೋಥಳಿಯವರು. ಅವರಿಂದ 1963ರಲ್ಲಿ ದೀಕ್ಷೆ ಪಡೆದು ದೆಹಲಿಯನ್ನು ಕೇಂದ್ರ ಮಾಡಿಕೊಂಡ ಆಚಾರ್ಯ ವಿದ್ಯಾನಂದರು ಶೇಡಬಾಳದವರು. ಕನ್ನಡ ಮಾತಾಡುವ ಮನೆಯಲ್ಲಿ ಹುಟ್ಟಿ, ಹಿಂದಿಯಲ್ಲಿ ‘ಮೂಕಮಾಟಿ’ ಎಂಬ ಮಹಾಕಾವ್ಯ ಬರೆದು, 2024ರ ಫೆಬ್ರವರಿಯಲ್ಲಿ ಛತ್ತೀಸಗಡದ ಡೋಂಗರಗಡದಲ್ಲಿ ದೇಹ ಬಿಟ್ಟ ಆಚಾರ್ಯ ವಿದ್ಯಾಸಾಗರರು ಮತ್ತೆ ಸದಲಗಾದವರೇ. ಒಂದು ದಿನದ ಬಸ್ಸಿನ ಓಡಾಟದಲ್ಲಿ ಮುಗಿಸಬಹುದಾದ ನಾಲ್ಕು ಊರುಗಳಿವು. ಇಲ್ಲಿಯ ಜೈನರು ಬಹುಪಾಲು ಒಕ್ಕಲಿಗರು, ನೇಗಿಲು ಹಿಡಿದವರು. ವ್ಯಾಪಾರದ ಜೈನರನ್ನು ಮಾತ್ರ ಕಂಡವರಿಗೆ ಇದು ಹೊಸದೆನಿಸೀತು.

ಆ ಒಕ್ಕಲು ಬದುಕನ್ನು ಕನ್ನಡ ಕಾದಂಬರಿಗೆ ತಂದವರು ಶೇಡಬಾಳದ ಮಿರ್ಜಿ ಅಣ್ಣಾರಾಯ. ಅವರ ‘ನಿಸರ್ಗ’ ಓದಿದರೆ ಈ ಭಾಗದ ಜೈನ ರೈತರ ಮನೆಯ ಒಲೆ, ಹೊಲ, ಸೊಸೆಯಂದಿರ ಸಂಕಟ ಎಲ್ಲ ಈ ಕಡೆಯ ಮಾತಿನಲ್ಲೇ ಕೇಳುತ್ತದೆ. ಅತ್ತ ನಿಪ್ಪಾಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಲೇ ಮರಾಠಿಯಲ್ಲಿ ಕಥೆ ಕಾದಂಬರಿ ಬರೆದವರು ಮಹಾದೇವ ಮೋರೆ, 2024ರಲ್ಲಿ ತೀರಿಕೊಂಡರು. ತಂಬಾಕು ಕಾರ್ಮಿಕರು, ಗ್ಯಾರೇಜಿನ ಹುಡುಗರು, ಬೀದಿಬದಿಯ ಹೆಂಗಸರು ಅವರ ಪಾತ್ರಗಳು. ಅಣ್ಣಾರಾಯರನ್ನು ಮರಾಠಿ ಓದುಗರೂ ಮೋರೆಯವರನ್ನು ಕನ್ನಡ ಓದುಗರೂ ಓದಿದರೆ ಈ ನಾಡು ಪೂರ್ತಿ ಅರ್ಥವಾಗುತ್ತದೆ. ನಮ್ಮ ಅನುವಾದಕರು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.

ಬ್ರಿಟಿಷರ ಕಾಲದಲ್ಲಿ ಇಲ್ಲಿಯ ಆಡಳಿತದ ನಕ್ಷೆಯಂತೂ ಚೂರುಚೂರಾಗಿತ್ತು. ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದರೆ ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು, ಉಗಾರ ಸಾಂಗ್ಲಿಯ ಪಟವರ್ಧನರದ್ದು. ನಿಪ್ಪಾಣಿಯಲ್ಲಿ ನಿಪ್ಪಾಣಕರ ದೇಸಾಯಿಗಳ ವಾಡೆ. ಹೀಗೆ ಹರಿದು ಹಂಚಿದ್ದರಿಂದ ಕಷ್ಟವೂ ಬಂತು, ಒಳಿತೂ ಬಂತು. 1902ರ ಜುಲೈ 26ರಂದು ಕೊಲ್ಹಾಪುರದ ಶಾಹೂ ಮಹಾರಾಜರು ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಶೇ 50ರಷ್ಟು ಮೀಸಲು ಎಂದು ಆದೇಶ ಹೊರಡಿಸಿದಾಗ ರಾಯಬಾಗವೂ ಆ ಸಂಸ್ಥಾನದೊಳಗಿತ್ತು. ಕರ್ನಾಟಕದ ಮೀಸಲಾತಿಯ ಇತಿಹಾಸ ಬರೆಯುವವರು ಮೈಸೂರಿನ ಮಿಲ್ಲರ್ ಸಮಿತಿಯಿಂದ ಶುರು ಮಾಡುತ್ತಾರೆ. ಇನ್ನೊಂದು ಬಾಗಿಲು ರಾಯಬಾಗದ ಕಡೆಯಿಂದ ತೆರೆದಿತ್ತು ಎಂಬುದನ್ನು ಸೇರಿಸಿಕೊಳ್ಳಬೇಕು. 1925ರ ಏಪ್ರಿಲ್‌ನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ನಿಪ್ಪಾಣಿಗೆ ಬಂದು ಮುಂಬಯಿ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತನ್ನು ನಡೆಸಿದರು. ಆಗ ಅವರ ಸಾರ್ವಜನಿಕ ಜೀವನದ ಆರಂಭದ ದಿನಗಳು. ಮಹಾಡದ ಕೆರೆಯ ಸತ್ಯಾಗ್ರಹಕ್ಕೆ ಇನ್ನೂ ಎರಡು ವರ್ಷವಿತ್ತು.

ನಿಪ್ಪಾಣಿಯ ದುಡ್ಡು ತಂಬಾಕಿನಿಂದ ಬಂದದ್ದು. ಬೀಡಿಗೆ ಬೇಕಾದ ಖಾರದ ಎಲೆ ಈ ಕಪ್ಪು ಮಣ್ಣಿನಲ್ಲಿ ಬೆಳೆಯುವಷ್ಟು ಚೆನ್ನಾಗಿ ಬೇರೆ ಕಡೆ ಬೆಳೆಯುವುದು ಕಡಿಮೆ. ಹೊಲದಲ್ಲಿ ಒಣಗಿದ ಎಲೆ ವ್ಯಾಪಾರಿಯ ವಖಾರಿಗೆ ಬಂದ ಮೇಲಿನ ಕೆಲಸವೆಲ್ಲ ಹೆಂಗಸರದು. ಬಡಿಯುವುದು, ಜರಡಿ ಹಿಡಿಯುವುದು, ಕಡ್ಡಿ ಬೇರೆ ಪುಡಿ ಬೇರೆ ಮಾಡುವುದು. ಮೂಗಿಗೆ ಸೆರಗು ಕಟ್ಟಿಕೊಂಡರೂ ಘಾಟು ಗಂಟಲಿಗಿಳಿಯುತ್ತದೆ, ಕಣ್ಣು ಉರಿಯುತ್ತದೆ. 1980ರ ಸುಮಾರಿಗೆ ಈ ಹೆಂಗಸರು ಸಂಘ ಕಟ್ಟಿ ವಖಾರಿಯ ಬಾಗಿಲ ಮುಂದೆ ಕೂತರು. ದೀಪಾ ಧನರಾಜ್ ಮತ್ತು ಗೆಳತಿಯರ ಯುಗಾಂತರ್ ತಂಡ ನಿಪ್ಪಾಣಿಗೆ ಬಂದು ಅವರ ಜೊತೆಗಿದ್ದು 1982ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿತು. ಭಾರತದ ಮಹಿಳಾ ಚಳವಳಿಯ ಮೊದಮೊದಲ ಚಿತ್ರಗಳಲ್ಲಿ ಅದೂ ಒಂದು.

ಅದೇ ಹೊತ್ತಿಗೆ ತಂಬಾಕು ಬೆಳೆದವರೂ ಎದ್ದರು. ಎಲೆಯ ದರವನ್ನು ವ್ಯಾಪಾರಿ ಹೇಳಿದ್ದೇ ದರ ಎಂಬ ಸ್ಥಿತಿ ಸಾಕೆನಿಸಿ 1981ರ ಮಾರ್ಚ್‌ನಲ್ಲಿ ಸಾವಿರಾರು ರೈತರು ಶೇತಕರಿ ಸಂಘಟನೆಯ ಶರದ್ ಜೋಶಿಯವರ ನೇತೃತ್ವದಲ್ಲಿ ಹೆದ್ದಾರಿಗೆ ಬಂದು ಕೂತರು. ಕನ್ನಡದ ರೈತರೂ ಮರಾಠಿಯ ರೈತರೂ ಒಂದೇ ಪಂಕ್ತಿಯಲ್ಲಿ ಉಂಡರು. ಏಪ್ರಿಲ್ 6ರಂದು ಪೊಲೀಸರು ಗೋಲಿಬಾರ್ ಮಾಡಿದರು, ರೈತರು ಸತ್ತರು. ನರಗುಂದ, ನವಲಗುಂದದ ಬಂಡಾಯ ಆಗ ಒಂದು ವರ್ಷವೂ ಹಳತಾಗಿರಲಿಲ್ಲ. ನರಗುಂದವನ್ನು ನಾವು ಪ್ರತಿ ಜುಲೈನಲ್ಲಿ ನೆನೆಯುತ್ತೇವೆ. ಕರ್ನಾಟಕದ ನೆಲದ ಮೇಲೆಯೇ ಬಿದ್ದ ನಿಪ್ಪಾಣಿಯ ಹೆಣಗಳನ್ನು ನೆನೆಯುವುದು ಕಡಿಮೆ. ನಾಯಕ ಮಹಾರಾಷ್ಟ್ರದವನಾಗಿದ್ದ ಎಂಬ ಕಾರಣಕ್ಕೆ ಹುತಾತ್ಮರೂ ಹೊರಗಿನವರಾದರೆ?

ಅಥಣಿಯದು ಚರ್ಮದ ಕಥೆ. ‘ಕೊಲ್ಹಾಪುರಿ’ ಎಂದು ಜಗತ್ತು ಕರೆಯುವ ಚಪ್ಪಲಿಯ ದೊಡ್ಡ ಪಾಲು ಹೊಲಿಯುವುದು ಅಥಣಿ, ನಿಪ್ಪಾಣಿ, ರಾಯಬಾಗ, ಚಿಕ್ಕೋಡಿಯ ಓಣಿಗಳಲ್ಲಿ. ಅಥಣಿಯ ಯಾವುದಾದರೂ ಕಸುಬಿನ ಮನೆಯ ಪಡಸಾಲೆಯಲ್ಲಿ ಅರ್ಧ ತಾಸು ಕೂತರೆ ಆ ಚಪ್ಪಲಿಯ ಮೇಲೆ ಗೌರವ ಹುಟ್ಟುತ್ತದೆ. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಜಾಲಿ ತೊಗಟೆ ಮತ್ತು ಅಳಲೆಕಾಯಿಯ ರಸದಲ್ಲಿ ವಾರಗಟ್ಟಲೆ ಹದ ಮಾಡಿರುತ್ತಾರೆ, ರಾಸಾಯನಿಕದ ಸೋಂಕಿಲ್ಲ. ಎಮ್ಮೆ ತೊಗಲಿನ ಅಟ್ಟೆಯನ್ನು ಗಂಡಸರು ರಂಪಿಗೆಯಿಂದ ಕತ್ತರಿಸಿ, ಬಡಿದು, ಪದರ ಕೂಡಿಸುತ್ತಾರೆ. ಮೇಲಿನ ಪಟ್ಟಿ ಹೆಂಗಸರ ಕೈಗೆ ಬರುತ್ತದೆ. ದಾರದಷ್ಟು ಸಣ್ಣಗೆ ಸೀಳಿದ ತೊಗಲಿನ ಎಳೆಗಳನ್ನು ಜಡೆ ಹೆಣೆದಂತೆ ಹೆಣೆಯುತ್ತಾರೆ, ಸಣ್ಣ ಉಳಿಯಿಂದ ತೂತು ಹೊಡೆದು ಚಿತ್ತಾರ ಬಿಡಿಸುತ್ತಾರೆ. ಹೊಲಿಗೆಯೂ ತೊಗಲಿನ ದಾರದ್ದೇ. ಇಡೀ ಚಪ್ಪಲಿಯಲ್ಲಿ ಒಂದು ಮೊಳೆ ಸಿಕ್ಕುವುದಿಲ್ಲ. ಹೊಸದರಲ್ಲಿ ಕಾಲು ಕಚ್ಚುತ್ತದೆ. ಎಣ್ಣೆ ಸವರಿ ನಾಲ್ಕು ದಿನ ಮೆಟ್ಟಿದರೆ ತೊಟ್ಟವರ ಪಾದದ ಅಚ್ಚನ್ನೇ ತಾಳುತ್ತದೆ.

ಇಷ್ಟು ಕೆಲಸ ಮಾಡಿದ ಕೈಗೆ ಹೆಸರು ಸಿಗಲು 2019ರವರೆಗೆ ಕಾಯಬೇಕಾಯಿತು. ಆ ವರ್ಷ ಸಿಕ್ಕ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಜಂಟಿಯಾಗಿ ಸಲ್ಲುತ್ತದೆ. ನಮ್ಮ ಕಡೆಯಿಂದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಭಾಷೆಯ ಹೆಸರಿನಲ್ಲಿ ಜಗಳವಾಡುವ ಎರಡು ರಾಜ್ಯಗಳು ಚಪ್ಪಲಿಯ ವಿಷಯದಲ್ಲಿ ಒಂದೇ ಅರ್ಜಿಗೆ ಸಹಿ ಹಾಕಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿ ತೊಡಿಸಿ ಮೂಲವನ್ನು ಹೇಳದೆ ಬಿಟ್ಟಾಗ ಗದ್ದಲವೆದ್ದಿತು. ಆಮೇಲೆ ಕಂಪನಿ ಭಾರತದ ಕುಶಲಕರ್ಮಿಗಳ ಋಣ ಒಪ್ಪಿಕೊಂಡಿತು. ವರ್ಷದ ಕೊನೆಗೆ ಎರಡೂ ರಾಜ್ಯಗಳ ಚರ್ಮ ನಿಗಮಗಳೊಂದಿಗೆ ಒಪ್ಪಂದವನ್ನೂ ಮಾಡಿಕೊಂಡಿತು. ಒಳ್ಳೆಯದೇ ಆಯಿತು. ಆದರೆ ಅಥಣಿಯ ಹೆಣ್ಣುಮಗಳಿಗೆ ಒಂದು ಜೋಡಿ ಹೆಣೆದದ್ದಕ್ಕೆ ಸಿಗುವ ಕೂಲಿ ಏರದಿದ್ದರೆ ಆ ಒಪ್ಪಂದ ಕಾಗದವಾಗಿಯೇ ಉಳಿಯುತ್ತದೆ. ಮಕ್ಕಳು ಈ ಕಸುಬಿಗೆ ಬರುತ್ತಿಲ್ಲ ಎಂಬ ಚಿಂತೆ ಅಲ್ಲಿಯ ಮನೆಮನೆಯಲ್ಲಿದೆ.

ಕಬ್ಬು ಎಲ್ಲವನ್ನೂ ನುಂಗಿದ ಬೆಳೆ. ಉಗಾರ ಖುರ್ದದಲ್ಲಿ 1939ರಲ್ಲಿ ಶಿರಗಾಂವಕರ ಮನೆತನ ಸಕ್ಕರೆ ಕಾರ್ಖಾನೆ ಸ್ಥಾಪಿಸಿದ ಮೇಲೆ ಒಂದೊಂದಾಗಿ ಸಹಕಾರಿ, ಖಾಸಗಿ ಕಾರ್ಖಾನೆಗಳು ಎದ್ದವು. ಹಂಗಾಮು ಶುರುವಾದರೆ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳೇ. ಸಹಕಾರ ಸಂಘ, ಶಾಲೆ, ರಾಜಕೀಯ ಎಲ್ಲಕ್ಕೂ ಕಬ್ಬಿನ ರಸವೇ ಮೂಲ. ಅತಿಯಾಗಿ ನೀರುಣಿಸಿದ ಹೊಲಗಳು ಸವಳು–ಜವಳಾಗಿ ಬಿಳಿ ಉಪ್ಪು ಮೇಲೆದ್ದದ್ದು ಉಗಾರ, ಕಾಗವಾಡದ ಕಡೆ ಕಣ್ಣಿಗೆ ರಾಚುತ್ತದೆ. ನೆಲದಡಿ ಕೊಳವೆ ಹೂಡಿ ಉಪ್ಪುನೀರು ಬಸಿದು ಹೊಲ ಉಳಿಸಿಕೊಂಡ ರೈತರೂ ಇದ್ದಾರೆ. ಅವರಿಂದ ಉಳಿದವರು ಬೇಗ ಕಲಿಯಬೇಕು.

ಜಾತ್ರೆಗಳಲ್ಲಿ ಗಡಿ ಪೂರ್ತಿ ಅಳಿಸಿಹೋಗುತ್ತದೆ. ಭಾರತ ಹುಣ್ಣಿಮೆಯ ಹೊತ್ತಿಗೆ ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನಿಗೆ ಸಾಂಗ್ಲಿ, ಸಾತಾರಾ, ಕೊಲ್ಹಾಪುರದಿಂದ ಸಿಂಗರಿಸಿದ ಎತ್ತಿನ ಬಂಡಿಗಳು ಬರುತ್ತವೆ, ಭಂಡಾರದಿಂದ ಊರೇ ಹಳದಿಯಾಗುತ್ತದೆ. ಯಡೂರಿನ ವೀರಭದ್ರ, ಕೊಕಟನೂರಿನ ಯಲ್ಲಮ್ಮ, ಕುರ್ಲಿ–ಅಪ್ಪಾಚಿವಾಡಿಯ ಹಾಲಸಿದ್ಧನಾಥ, ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು, ಸ್ತವನಿಧಿಯ ಬ್ರಹ್ಮದೇವ: ಎಲ್ಲಿಯೂ ಭಕ್ತರ ಭಾಷೆ ಯಾವುದೆಂದು ಕೇಳುವವರಿಲ್ಲ. ಚಕ್ಕಡಿ ಶರ್ಯತ್ತು, ಕುಸ್ತಿಯ ತಾಲೀಮು, ಬಿಳಿಜೋಳದ ರೊಟ್ಟಿ, ಝುಣಕ ಎರಡೂ ದಂಡೆಗೆ ಒಂದೇ. ಮೈಯಲ್ಲಿ ಹುಷಾರಿಲ್ಲದಿದ್ದರೆ ಅಥಣಿ, ಕಾಗವಾಡದವರು ಇಂದಿಗೂ ಮಹಾರಾಷ್ಟ್ರದ ಮಿರಜದ ದಾರಿ ಹಿಡಿಯುತ್ತಾರೆ, ಅಲ್ಲಿ ಡಾ. ವಾನ್ಲೆಸ್ 1894ರಲ್ಲಿ ಆಸ್ಪತ್ರೆ ತೆರೆದಾಗಿನಿಂದ ಬಂದ ರೂಢಿ ಅದು.

ಗಡಿ ವಿವಾದದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು, ಪ್ರಕರಣ ಅಲ್ಲಿದೆ. ಕನ್ನಡ ಶಾಲೆಗೆ ಒಳ್ಳೆಯ ಕಟ್ಟಡ, ಸಾಕಷ್ಟು ಶಿಕ್ಷಕರು, ಹಳ್ಳಿಗೆ ಹೊತ್ತಿಗೆ ಸರಿಯಾದ ಬಸ್ಸು ಇದ್ದರೆ ಈ ಭಾಗದಲ್ಲಿ ಕನ್ನಡ ತಾನಾಗಿ ಬೆಳೆಯುತ್ತದೆ. ಘೋಷಣೆಯಿಂದ ಒಂದು ಶಾಲೆಯೂ ಉದ್ಧಾರವಾದದ್ದಿಲ್ಲ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಹೊಸ ಜಿಲ್ಲೆಗಳನ್ನು ಮಾಡುವಾಗ ಚಿಕ್ಕೋಡಿಯ ಹೆಸರು ಬಂದು ಕೈಬಿಟ್ಟುಹೋಯಿತು. ಆಮೇಲೆ ನಿಪ್ಪಾಣಿ, ಕಾಗವಾಡ ತಾಲ್ಲೂಕುಗಳಾದವು; ಜಿಲ್ಲೆಯ ಬೇಡಿಕೆ ಹಾಗೆಯೇ ನಿಂತಿದೆ. ಅಥಣಿಯ ಪೂರ್ವದ ಹಳ್ಳಿಯವನು ಜಿಲ್ಲಾಧಿಕಾರಿಯನ್ನು ಕಾಣಲು ಬೆಳಗಾವಿಗೆ ಹೋಗಿ ಬರುವುದರಲ್ಲಿ ದಿನ ಕಳೆಯುತ್ತದೆ. ಆ ಬೇಡಿಕೆ ನ್ಯಾಯವಾದದ್ದು.

ಶಾಲೆಯ ಶಿಕ್ಷಕರಲ್ಲಿ ಒಂದು ವಿನಂತಿ. ಹಂಪಿ, ಬಾದಾಮಿಗೆ ಮಕ್ಕಳನ್ನು ಕರೆದೊಯ್ಯುವ ಬಸ್ಸನ್ನು ಒಂದು ವರ್ಷ ಈ ಕಡೆ ತಿರುಗಿಸಿ. ನಿಪ್ಪಾಣಿಯಿಂದ ಸದಲಗಾ, ಯಕ್ಸಂಬಾ, ಯಡೂರು ನೋಡಿಕೊಂಡು ರಾಯಬಾಗದ ಬಸದಿಗೆ ಬನ್ನಿ. ಮರುದಿನ ಅಥಣಿಯ ಚಪ್ಪಲಿ ಓಣಿ, ಶೇಡಬಾಳ, ಕಾಗವಾಡದ ನೆಲಮಾಳಿಗೆ. ಜುಗೂಳದ ಎದುರು ದಂಡೆಯಲ್ಲಿ, ಮಹಾರಾಷ್ಟ್ರದ ಖಿದ್ರಾಪುರದಲ್ಲಿ, ಶಿಲಾಹಾರರ ಕಾಲದ ಕೊಪೇಶ್ವರ ದೇವಾಲಯವಿದೆ; ಅದನ್ನು ಬಿಡಬೇಡಿ. ಡಿಸೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ. ಜುಲೈ, ಆಗಸ್ಟ್‌ನಲ್ಲಿ ಮಾತ್ರ ಬರಬೇಡಿ, ಸೇತುವೆಗಳು ನೀರಿನಡಿ ಇರುತ್ತವೆ.